ಗುಡ್ಡಕ್ಕೆ ಬಿಟ್ಟ ಮದ್ದು ಬೈಲಿನ ಮನೆಗಳಿಗೆ

ಕಾಸರಗೋಡಿನ ಎಣ್ಮಕಜೆ ಪಂಚಾಯತಿಯಲ್ಲಿ ಕುಡಿಯುವ ನೀರು ಗುಡ್ಡದ ಒಡಲಿನಿಂದ ಬರುತ್ತದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ, ಒಬ್ಬ ಆಳು ತಲೆ ತಗ್ಗಿಸಿ ಹೋಗಬಹುದಾದಷ್ಟು ಎತ್ತರಕ್ಕೆ ಕೊರೆದ ಸುರಂಗಗಳು ಅಲ್ಲಿ ಹಿತ್ತಲು ಹಿತ್ತಲಲ್ಲೂ ಸಿಗುತ್ತವೆ. ಮಳೆಗಾಲದಲ್ಲಿ ಗುಡ್ಡದ ನೆತ್ತಿ ಕುಡಿದ ನೀರು ಕಲ್ಲಿನ ತೂತುಗಳಲ್ಲಿ ಇಳಿದು, ಸುರಂಗದ ಗೋಡೆಯಲ್ಲಿ ಜಿನುಗಿ, ಸಣ್ಣ ಕಾಲುವೆಯಾಗಿ ಹೊರಗೆ ಹರಿದು, ಅಂಗಳದ ಪಕ್ಕದ ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಡಿಕೆ ತೋಟಕ್ಕೂ ಹಟ್ಟಿಗೂ ಅಡುಗೆಮನೆಗೂ ಅದೇ ನೀರು. ಮೇಲೆ ಗುಡ್ಡ, ಕೆಳಗೆ ಬೈಲು, ನಡುವೆ ತೋಡು. ಗುಡ್ಡದ ಮೇಲೆ ಬಿದ್ದದ್ದು ಏನಿದ್ದರೂ ಇವತ್ತಲ್ಲ ನಾಳೆ ಬೈಲಿಗೆ ಇಳಿಯಲೇಬೇಕು, ಅಲ್ಲಿನ ನೆಲ ಇರುವುದೇ ಹಾಗೆ.

ಆ ಗುಡ್ಡಗಳ ನೆತ್ತಿಯಲ್ಲಿ ಕೇರಳ ಸರ್ಕಾರದ ತೋಟ ನಿಗಮದ ಗೇರು ತೋಟಗಳಿದ್ದವು. ಜಿಲ್ಲೆಯಲ್ಲಿ ಒಟ್ಟು 4,600 ಹೆಕ್ಟೇರಿಗೂ ಹೆಚ್ಚು. ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ಕೀಟ ಬಂದು ಎಳೆ ಚಿಗುರಿನ, ಹೂಗೊಂಚಲಿನ ರಸ ಹೀರುತ್ತದೆ. ಚುಚ್ಚಿದ ಕಡೆ ಕಪ್ಪಾಗಿ, ಗೊಂಚಲು ಸುಟ್ಟಂತೆ ಒಣಗುತ್ತದೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ಕೊನೆಯವರೆಗೆ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಹೆಚ್ಚುಕಡಿಮೆ ಕಾಲು ಶತಮಾನ. ಊರವರ ಬಾಯಲ್ಲಿ ಅದು ಹೆಲಿಕಾಪ್ಟರಿನಲ್ಲಿ ಮದ್ದು ಬಿಡುವುದು. ಶಾಲೆ ಮಕ್ಕಳು ಅಂಗಳಕ್ಕೆ ಓಡಿ ಬಂದು ತಲೆ ಎತ್ತಿ ನೋಡುತ್ತಿದ್ದರು. ಆ ದಿನಗಳಲ್ಲಿ ಹೆಲಿಕಾಪ್ಟರ್ ಹತ್ತಿರದಿಂದ ಕಾಣುವುದು ಹಳ್ಳಿಗೆ ಹಬ್ಬವೇ ಆಗಿತ್ತು.

ಆಕಾಶದಿಂದ ವಿಷ ಸುರಿಯುವುದು ಎಂದ ಕೂಡಲೇ ಜಗತ್ತಿಗೆ ನೆನಪಾಗುವುದು ಕೊಲಂಬಿಯಾ. ಕೊಕೇನ್ ತಯಾರಾಗುವ ಕೋಕಾ ಗಿಡವನ್ನು ನಾಶ ಮಾಡಲು ಅಮೆರಿಕದ ಹಣ, ಅಮೆರಿಕದ ಗುತ್ತಿಗೆ ಪೈಲಟ್‌ಗಳ ಬಲದಿಂದ ಅಲ್ಲಿ 1994ರಿಂದ 2015ರವರೆಗೆ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ವಿಮಾನಗಳಿಂದ ಸಿಂಪಡಿಸಿದರು. ಒಟ್ಟು 17 ಲಕ್ಷ ಹೆಕ್ಟೇರಿಗೂ ಮೀರಿದ ನೆಲದ ಮೇಲೆ ಅದು ಬಿತ್ತು. ನಮ್ಮಲ್ಲಿ ಗಾಂಜಾ ಗಿಡಗಳನ್ನು ಪೊಲೀಸರು, ಅಬಕಾರಿಯವರು ಕಿತ್ತು ರಾಶಿ ಹಾಕಿ ಸುಡುತ್ತಾರೆ. ನಮ್ಮ ಕನ್ನಡದ ನೆಲದ ಮೇಲೆ ಆಕಾಶದಿಂದ ವಿಷ ಬಿದ್ದದ್ದು ಮಾದಕ ಗಿಡಕ್ಕಾಗಿ ಅಲ್ಲ, ಗೋಡಂಬಿಗಾಗಿ. ಒಂದು ಕಳೆನಾಶಕ, ಇನ್ನೊಂದು ಕೀಟನಾಶಕ. ಉದ್ದೇಶ ಬೇರೆ, ರಾಸಾಯನಿಕ ಬೇರೆ, ಖಂಡವೇ ಬೇರೆ. ಆದರೂ ಕೆಳಗಿದ್ದವರ ಪಾಡು ಎರಡೂ ಕಡೆ ಎಷ್ಟು ಹೋಲುತ್ತದೆಂದರೆ, ಕೊಲಂಬಿಯಾದ ರೈತರ ದೂರುಗಳನ್ನು ಓದುವಾಗ ಎಣ್ಮಕಜೆಯ ಪಡ್ರೆ ಎಂಬ ಊರಿನವರ ಮಾತೇ ಕೇಳಿದ ಹಾಗಾಗುತ್ತದೆ: ಮೈ ತುರಿಕೆ, ಉಸಿರಿನ ತೊಂದರೆ, ಬಸಿರು ನಿಲ್ಲದಿರುವುದು, ತೋಡಿನಲ್ಲಿ ಸತ್ತು ತೇಲುವ ಮೀನು.

ಗಿಡಕ್ಕೆಂದು ಬಿಟ್ಟ ವಿಷ ಮನೆಗಳವರೆಗೆ ಬರುವುದಕ್ಕೆ ಕಾರಣ ಹನಿಯ ಗಾತ್ರದಲ್ಲಿದೆ. ಎಲ್ಲ ಎಲೆಗಳಿಗೂ ಮದ್ದು ತಗಲಬೇಕಾದರೆ ಹನಿ ಸಣ್ಣದಾಗಬೇಕು. ಹನಿ ಸಣ್ಣದಾದಷ್ಟೂ ಅದು ಬೀಳುವುದು ನಿಧಾನ. ಲೆಕ್ಕ ಹಾಕಿ ನೋಡೋಣ. ನೂರು ಮೈಕ್ರಾನಿನ ಹನಿ, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು, 3 ಮೀಟರ್ ಎತ್ತರದಿಂದ ಗಾಳಿಯೇ ಇಲ್ಲದಾಗ ಸುಮಾರು 10 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಇಪ್ಪತ್ತು ಮೈಕ್ರಾನಿನ ಹನಿಗೆ ಅದೇ ದೂರ ಇಳಿಯಲು ಸುಮಾರು 4 ನಿಮಿಷ ಬೇಕು. ಸೆಕೆಂಡಿಗೆ 2 ಮೀಟರ್ ಬೀಸುವ ಗಾಳಿ ನಮಗೆ ಮುಖಕ್ಕೆ ಹಿತವಾಗಿ ತಾಗುವ ತಂಗಾಳಿ. ಅಷ್ಟು ಗಾಳಿಯಿದ್ದರೂ ಆ 4 ನಿಮಿಷದಲ್ಲಿ ಸಣ್ಣ ಹನಿ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಹೋಗಿರುತ್ತದೆ. ಇದು 3 ಮೀಟರಿನ ಲೆಕ್ಕ. ಏರುತಗ್ಗಿನ ಗುಡ್ಡಗಾಡಿನಲ್ಲಿ ಹೆಲಿಕಾಪ್ಟರಿಗೆ ಮರದ ತುದಿ ಸವರಿಕೊಂಡು ಹಾರಲು ಆಗುವುದಿಲ್ಲ. ಗುಡ್ಡ ದಾಟಿ ಕಣಿವೆಯ ಮೇಲೆ ಬಂದ ಕೂಡಲೇ ಅದರ ಕೆಳಗೆ ಹತ್ತಾರು ಮೀಟರ್ ಆಳ ತೆರೆದುಕೊಳ್ಳುತ್ತದೆ. ಆ ಆಳದಲ್ಲೇ ಮನೆಗಳಿರುವುದು.

ಗಾಳಿ ಸರ್ವೆ ಕಲ್ಲು ನೋಡಿ ನಿಲ್ಲುವುದಿಲ್ಲ. ಕೊಲಂಬಿಯಾದಲ್ಲಂತೂ ಅದು ದೇಶದ ಗಡಿಯನ್ನೇ ದಾಟಿತು. ನೆರೆಯ ಎಕ್ವಡಾರಿನ ರೈತರ ಬಾಳೆ, ಮರಗೆಣಸು ಒಣಗಿ, ಜನರಿಗೆ ಕಾಯಿಲೆ ಬಂದಾಗ ಆ ದೇಶ 2008ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. 2013ರಲ್ಲಿ ರಾಜಿಯಾಯಿತು. ಕೊಲಂಬಿಯಾ ಒಂದೂವರೆ ಕೋಟಿ ಡಾಲರ್ ಕೊಟ್ಟು, ಗಡಿಯುದ್ದಕ್ಕೂ 10 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಸಿಂಪಡಿಸುವುದಿಲ್ಲ ಎಂದು ಒಪ್ಪಿಕೊಂಡಿತು. ಎರಡು ಸರ್ಕಾರಗಳು ಕೂತು ಹನಿಯ ಹಾರಾಟಕ್ಕೆ 10 ಕಿಲೋಮೀಟರ್ ಬಿಟ್ಟವು. ಪಡ್ರೆಯಲ್ಲಿ ತೋಟದ ಬೇಲಿಗೂ ಮನೆಯ ಜಗಲಿಗೂ ನಡುವಿನ ಅಂತರ ಎಷ್ಟೋ ಕಡೆ ಒಂದು ಕೂಗಳತೆ ಮಾತ್ರ.

ಎಂಡೋಸಲ್ಫಾನ್ ಜರ್ಮನಿಯಲ್ಲಿ 1950ರ ದಶಕದಲ್ಲಿ ಬಂದ ವಿಷ. ಡಿಡಿಟಿಯ ಹಾಗೆ ಕ್ಲೋರಿನ್ ಇರುವ ಕುಟುಂಬಕ್ಕೆ ಸೇರಿದ್ದು. ಕೀಟದ ನರಗಳಲ್ಲಿ ಉದ್ರೇಕವನ್ನು ತಣಿಸುವ ವ್ಯವಸ್ಥೆಯೊಂದಿದೆ, ಅದನ್ನು ಈ ವಿಷ ಕಟ್ಟಿಹಾಕುತ್ತದೆ. ನರ ಮತ್ತೆ ಮತ್ತೆ ಸಿಡಿಯುತ್ತ ಕೀಟ ನಡುಗಿ ಸಾಯುತ್ತದೆ. ಮನುಷ್ಯನ ಮಿದುಳಿನಲ್ಲೂ ಅಂಥದೇ ವ್ಯವಸ್ಥೆ ಇರುವುದರಿಂದ, ಹೆಚ್ಚು ಪ್ರಮಾಣದಲ್ಲಿ ಒಳಗೆ ಹೋದರೆ ನಮಗೂ ಅಪಸ್ಮಾರದಂಥ ಸೆಳವು ಬರುತ್ತದೆ. ಕೊಬ್ಬಿನಲ್ಲಿ ಕರಗುವ ಗುಣದಿಂದಾಗಿ ತಾಯಿಯ ಹಾಲಿಗೂ ಹೊಕ್ಕುಳಬಳ್ಳಿಯ ಮೂಲಕ ಭ್ರೂಣಕ್ಕೂ ದಾಟುತ್ತದೆ. ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುತ್ತದೆ. ಮಣ್ಣಿನಲ್ಲಿ ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ, ಅದೂ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಮೀನಿಗೆ ಇದರ ಒಂದು ಸೋಂಕು ಸಾಕು. ಮದ್ದು ಬಿಟ್ಟ ಮರುದಿನ ತೋಡಿನಲ್ಲಿ ಮೀನು, ಕಪ್ಪೆ ಸತ್ತು ಬಿದ್ದಿರುತ್ತಿದ್ದವು, ಜೇನುಪೆಟ್ಟಿಗೆಗಳು ಬರಿದಾಗುತ್ತಿದ್ದವು ಎಂದು ಊರವರು ಅಂದಿನಿಂದಲೂ ಹೇಳುತ್ತ ಬಂದಿದ್ದರು. ಅವರ ಮಾತಿಗೆ ಬೆಲೆ ಬರಲು ಎರಡು ದಶಕ ಹಿಡಿಯಿತು.

ಮೊದಲು ಬರೆದವರು ಅದೇ ಊರಿನ ಶ್ರೀಪಡ್ರೆ. ಅಡಿಕೆ ಪತ್ರಿಕೆಯ ಸಂಪಾದಕರಾಗಿ, ಮಳೆನೀರಿನ ಬರಹಗಳಿಂದಾಗಿ ಕನ್ನಡದ ಕೃಷಿಕರಿಗೆಲ್ಲ ಪರಿಚಿತರಾದವರು. 1970ರ ದಶಕದ ಕೊನೆಯಲ್ಲಿ ಊರಿನ ಹಸುಗಳು ಕೈಕಾಲು ಸೊಟ್ಟಗಿದ್ದ ಕರುಗಳನ್ನು ಹಾಕಿದಾಗ ಅವರಿಗೆ ಅನುಮಾನ ಹುಟ್ಟಿತು. 1980ರ ದಶಕದ ಆರಂಭದಲ್ಲೇ ಅವರು ಅದನ್ನು ಬರೆದರು. ಯಾರೂ ಕಿವಿಗೊಡಲಿಲ್ಲ. ಅಲ್ಲೇ ವಾಣಿನಗರದಲ್ಲಿ 1982ರಿಂದ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ತಮ್ಮ ಬಳಿ ಬರುವ ರೋಗಿಗಳ ಬಗೆ ವಿಚಿತ್ರವೆನಿಸತೊಡಗಿತು. ಒಂದು ಸಣ್ಣ ಊರಿನಲ್ಲಿ ಇಷ್ಟು ಅಪಸ್ಮಾರ, ಇಷ್ಟು ಬುದ್ಧಿಮಾಂದ್ಯ, ಇಷ್ಟು ಕ್ಯಾನ್ಸರ್, ಇಷ್ಟು ಹುಟ್ಟು ವೈಕಲ್ಯ ಏಕೆ? ಮನೆ ಮನೆ ಲೆಕ್ಕ ಬರೆದುಕೊಂಡು ನೋಡಿದಾಗ ಅವು ಹೆಚ್ಚಾಗಿ ತೋಡಿನ ಆಸುಪಾಸಿನ ಮನೆಗಳಲ್ಲಿ ಸೇರಿಕೊಂಡಿದ್ದವು. ವೈದ್ಯಕೀಯ ಪತ್ರಿಕೆಗೆ ಬರೆದರು, ಅಧಿಕಾರಿಗಳಿಗೆ ಬರೆದರು. ಆ ತೋಡು ಹುಟ್ಟುವುದೇ ಗೇರು ಗುಡ್ಡದಲ್ಲಿ. ಅದರ ದಡದ ಒಂದು ಊರಿನ ಹೆಸರು ಸ್ವರ್ಗ.

ಅದೇ ಜಿಲ್ಲೆಯಲ್ಲಿ ದಕ್ಷಿಣಕ್ಕಿರುವ ಪೆರಿಯದಲ್ಲಿ, ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಸರ್ಕಾರಿ ನಿಗಮದ ಮೇಲೆ ದಾವೆ ಹೂಡುವುದೆಂದರೆ ಏನೆಂದು ನೌಕರಿ ಮಾಡುವವರಿಗೆ ಹೇಳಬೇಕಾಗಿಲ್ಲ. 2000ದಲ್ಲಿ ತಡೆಯಾಜ್ಞೆ ಬಂತು, ಹೆಲಿಕಾಪ್ಟರ್ ನಿಂತಿತು. ವಿಜ್ಞಾನಿಗಳ ಸಮಿತಿಗಳು ಬರುವ ಮೊದಲೇ, ಒಬ್ಬ ಹೆಂಗಸು ಕೆಳಗಿನ ಕೋರ್ಟಿನಲ್ಲಿ ಹಿಡಿದ ಹಟದಿಂದ ಅದು ನಿಂತಿತು ಎಂಬುದನ್ನು ನಾನು ಈ ಕತೆಯ ಬಹಳ ದೊಡ್ಡ ಸಂಗತಿಯೆಂದು ತಿಳಿಯುತ್ತೇನೆ.

ನಾನು ಇದನ್ನು ಬರೆಯುತ್ತಿರುವುದು ಚೆನ್ನೈನ ಮೈಲಾಪೂರ್‌ನಿಂದ. 1956ರ ಅಕ್ಟೋಬರ್ ಕೊನೆಯವರೆಗೂ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿ ಈ ಊರಿನ ಆಡಳಿತಕ್ಕೆ ಸೇರಿತ್ತು. ನವೆಂಬರ್ 1ರಂದು ಕೇರಳಕ್ಕೆ ಸೇರಿ, ಕನ್ನಡದ ಹಳ್ಳಿಗಳು ರಾಜಧಾನಿಯಿಂದ ಬಹು ದೂರದ ಗಡಿಯ ತುದಿಯಾದವು. ಎಂಡೋಸಲ್ಫಾನ್ ಬಿದ್ದ ಪಂಚಾಯತಿಗಳೆಂದು ಗುರುತಿಸಿದ ಹನ್ನೊಂದರಲ್ಲಿ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ ಕನ್ನಡ, ತುಳು ಮಾತಿನ ಊರುಗಳು. ತಿರುವನಂತಪುರಕ್ಕೆ ಇವರ ಭಾಷೆ ದೂರ, ಬೆಂಗಳೂರಿಗೆ ಇವರು ಬೇರೆ ರಾಜ್ಯದವರು. ಇವರ ದೂರು ಇಷ್ಟು ತಡವಾಗಿ ತಲುಪಿದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ಬಲವಾಗಿ ಅನಿಸುತ್ತದೆ. ಮೈಲಾಪೂರ್‌ನ ಮಾಡವೀದಿಗಳ ಅಂಗಡಿಗಳಲ್ಲಿ ಗೋಡಂಬಿ 240, 320 ಎಂದು ನಂಬರಿನ ಮೇಲೆ ಮಾರಾಟವಾಗುತ್ತದೆ. ಒಂದು ಪೌಂಡಿಗೆ ಎಷ್ಟು ಬೀಜ ತೂಗುತ್ತದೆಂಬ ಲೆಕ್ಕ ಅದು. ನಂಬರ್ ಕಡಿಮೆಯಾದಷ್ಟೂ ಬೀಜ ದಪ್ಪ, ಬೆಲೆ ಹೆಚ್ಚು. ಪೊಂಗಲಿಗೆ, ಪಾಯಸಕ್ಕೆ ಕೈತುಂಬ ಹಾಕುವ ನಾವು ಬೀಜದ ದಪ್ಪ ನೋಡಿ ಕೊಳ್ಳುತ್ತೇವೆ. ಅದು ಯಾವ ಗುಡ್ಡದ್ದು, ಅದರ ಹೂವಿಗೆ ಏನು ಹೊಡೆದರು ಎಂದು ತಿಳಿಯುವ ದಾರಿ ನಮಗಿಲ್ಲ.

ಚೆನ್ನೈಗೆ ಈ ಪ್ರಕರಣದಲ್ಲಿ ಇನ್ನೊಂದು ಪಾತ್ರವೂ ಇದೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಹಾಲು, ಜನರ ರಕ್ತ, ಎದೆಹಾಲು ತರಿಸಿ ಪರೀಕ್ಷಿಸಿ, ಎಲ್ಲದರಲ್ಲೂ ಎಂಡೋಸಲ್ಫಾನ್ ಇದೆ ಎಂದು ಪ್ರಕಟಿಸಿತು. ತೋಟ ನಿಗಮ ತನ್ನ ಕಡೆಯಿಂದ ಒಂದು ಅಧ್ಯಯನ ಮಾಡಿಸಿತು. ಮಾಡಿದ್ದು ತಾಂಬರಂ ಆಚೆಯ ಪಡಪ್ಪೈಯ ಫ್ರೆಡರಿಕ್ ಸಸ್ಯಸಂರಕ್ಷಣೆ ಮತ್ತು ವಿಷವಿಜ್ಞಾನ ಸಂಸ್ಥೆ. ನೀರಿನಲ್ಲೂ ಜನರ ರಕ್ತದಲ್ಲೂ ಎಂಡೋಸಲ್ಫಾನ್ ಇಲ್ಲ ಎಂದು ಅದರ ವರದಿ ಹೇಳಿತು. ಒಂದೇ ಊರು, ಒಂದೇ ವರ್ಷ, ಎರಡು ಪ್ರಯೋಗಾಲಯ, ಎರಡು ಉತ್ತರ. ಸಿಂಪಡಿಸಿದವರೇ ಪರೀಕ್ಷೆಯ ಖರ್ಚು ಕೊಟ್ಟರೆ ಊರವರು ಆ ಫಲಿತಾಂಶವನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಅಂದೇ ಎದ್ದಿತು, ಏಳಬೇಕಾದ್ದೇ.

ಗಟ್ಟಿಯಾದ ಅಧ್ಯಯನ ಬಂದದ್ದು ಅಹಮದಾಬಾದಿನಿಂದ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಷಯ ಎತ್ತಿಕೊಂಡ ಮೇಲೆ ಅಲ್ಲಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಗೆ ಬಂತು. ಸಿಂಪಡಣೆ ನಡೆದ ಊರಿನ 117 ಶಾಲಾ ಹುಡುಗರನ್ನು, ಸಿಂಪಡಣೆ ನಡೆಯದ ಊರಿನ 90 ಹುಡುಗರೊಂದಿಗೆ ಹೋಲಿಸಿ ನೋಡಿತು. ಹೆಲಿಕಾಪ್ಟರ್ ನಿಂತು ತಿಂಗಳುಗಳು ಕಳೆದ ಮೇಲೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ ಇತ್ತು. ಇನ್ನೊಂದು ಊರಿನವರಲ್ಲಿ 1.37. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು, ಹಾರ್ಮೋನಿನ ಮಟ್ಟದಲ್ಲಿ ವ್ಯತ್ಯಾಸವಿತ್ತು. 2003ರಲ್ಲಿ ಇದು ಅಂತರರಾಷ್ಟ್ರೀಯ ಆರೋಗ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದನ್ನು ಒಪ್ಪದವರೂ ಇದ್ದಾರೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಕೆಲವು ವಿಜ್ಞಾನಿಗಳು, ಕಾಸರಗೋಡಿನಲ್ಲಿ ಈ ರೋಗಗಳು ಬೇರೆ ಕಡೆಗಿಂತ ಹೆಚ್ಚಾಗಿವೆ ಎಂಬುದಕ್ಕೇ ಸಾಕಷ್ಟು ಆಧಾರವಿಲ್ಲ ಎಂದು ಬರೆದಿದ್ದಾರೆ. ಅವರ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕು. ಪೀಡಿತರ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಕಾಯಿಲೆಯೂ ಎಂಡೋಸಲ್ಫಾನಿನಿಂದಲೇ ಬಂದದ್ದು ಎಂದು ಯಾವ ವೈದ್ಯರೂ ಬೆರಳಿಟ್ಟು ಹೇಳಲಾರರು. ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಎಲ್ಲ ಊರುಗಳಲ್ಲೂ ಇವೆ. ಆದರೆ ಆಧಾರ ಏಕಿಲ್ಲ ಎಂದು ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ. ಮೊದಲ ಸಲ ಹೆಲಿಕಾಪ್ಟರ್ ಏರುವ ಮುನ್ನ ಕೆಳಗಿನ ಊರುಗಳ ಆರೋಗ್ಯ ಹೇಗಿತ್ತು ಎಂದು ಯಾರೂ ಬರೆದಿಡಲಿಲ್ಲ. ಇಪ್ಪತ್ತು ವರ್ಷಗಳ ಕಾಲ ಸುರಂಗದ ನೀರನ್ನು ಯಾರೂ ಪರೀಕ್ಷಿಸಲಿಲ್ಲ. ಮೊದಲ ರಕ್ತದ ಹನಿ ಪ್ರಯೋಗಾಲಯಕ್ಕೆ ಹೋದದ್ದು ಎಲ್ಲ ಮುಗಿದ ಮೇಲೆ. ಲೆಕ್ಕ ಇಡಬೇಕಾದವರು ಸಿಂಪಡಿಸಿದವರು, ಅವರು ಇಡಲಿಲ್ಲ. ಲೆಕ್ಕ ಇಲ್ಲದ್ದರ ನಷ್ಟವನ್ನು ಮಾತ್ರ ಸಿಂಪಡಿಸಿಕೊಂಡವರ ತಲೆಗೆ ಕಟ್ಟಲಾಯಿತು. ನನ್ನ ಹಾಸುಗೆ ಹಿಡಿದ ಮಗುವಿಗೆ ಆದದ್ದು ನಿಮ್ಮ ಮದ್ದಿನಿಂದ ಎಂದು ಬೀಡಿ ಕಟ್ಟಿ ಬದುಕುವ ತಾಯಿ ರುಜುವಾತು ಮಾಡಬೇಕಂತೆ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು ಇದೊಂದೇ: ಆಕಾಶದಿಂದ ಸುರಿಯುವವರು ಸುರಿಯುವ ಮುಂಚೆ ಅದು ನಿರಪಾಯವೆಂದು ತೋರಿಸಬೇಕು; ಕೆಳಗಿರುವವರೇ ಆಮೇಲೆ ಅಪಾಯವನ್ನು ತೋರಿಸಬೇಕು ಎನ್ನುವುದು ಅನ್ಯಾಯ.

ಕೊಲಂಬಿಯಾದ ಸಂವಿಧಾನ ನ್ಯಾಯಾಲಯ 2017ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಪೆಸಿಫಿಕ್ ಕರಾವಳಿಯ ಚೋಕೊ ಪ್ರಾಂತದ ನೊವಿಟಾ ಎಂಬ ಊರಿನ ಪ್ರಕರಣ. ಆರೋಗ್ಯಕ್ಕೂ ಪರಿಸರಕ್ಕೂ ಹಾನಿಯಿಲ್ಲ ಎಂಬುದಕ್ಕೆ ವಸ್ತುನಿಷ್ಠವಾದ, ಖಚಿತವಾದ ಪುರಾವೆ ತರದೆ, ಅಲ್ಲಿನ ಸಮುದಾಯಗಳನ್ನು ಕೇಳದೆ ಮತ್ತೆ ವಿಮಾನ ಹಾರಿಸುವಂತಿಲ್ಲ ಎಂದಿತು. ಅದಕ್ಕೆ ಎರಡು ವರ್ಷ ಮುಂಚೆಯೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೊಸೇಟನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದ ಬೆನ್ನಲ್ಲೇ ಸಿಂಪಡಣೆ ನಿಂತಿತ್ತು. ಕೊಲಂಬಿಯಾದ ಅರ್ಥಶಾಸ್ತ್ರಜ್ಞರು ಆಸ್ಪತ್ರೆ ದಾಖಲೆಗಳನ್ನು ವಿಮಾನ ಹಾರಿದ ದಿನಗಳ ಜತೆ ಇಟ್ಟು ನೋಡಿ, ಸಿಂಪಡಣೆಯ ನಂತರ ಚರ್ಮದ ಕಾಯಿಲೆ, ಉಸಿರಾಟದ ಕಾಯಿಲೆ, ಗರ್ಭಪಾತ ಏರಿದ್ದನ್ನು ತೋರಿಸಿದರು. ಇಷ್ಟೆಲ್ಲ ಮಾಡಿದರೂ ಕೋಕಾ ಹೋಯಿತೇ ಎಂದರೆ, ಒಂದು ಹೆಕ್ಟೇರ್ ಕೋಕಾ ಕಡಿಮೆಯಾಗಲು 30ಕ್ಕೂ ಹೆಚ್ಚು ಹೆಕ್ಟೇರ್ ಸಿಂಪಡಿಸಬೇಕಾಗಿತ್ತು ಎಂಬುದು ಅವರದೇ ಲೆಕ್ಕ. ಬೆಳೆ ಕಳಕೊಂಡ ರೈತರು ಇನ್ನಷ್ಟು ಒಳಗಿನ ಕಾಡು ಕಡಿದು ಮತ್ತೆ ನೆಟ್ಟರು.

ನಮ್ಮಲ್ಲಿ ನಿಯಮ ಇರಲಿಲ್ಲವೆಂದಲ್ಲ. 1971ರ ಕೀಟನಾಶಕ ನಿಯಮಗಳಲ್ಲಿ ಆಕಾಶದಿಂದ ಸಿಂಪಡಿಸುವುದಕ್ಕೇ ಒಂದು ಕಲಮು ಇದೆ. ಕನಿಷ್ಠ 24 ಗಂಟೆ ಮೊದಲು ಊರಿಗೆ ತಿಳಿಸಬೇಕು, ಜಾಗವನ್ನು ಗುರುತು ಮಾಡಬೇಕು, ಸಂಬಂಧವಿಲ್ಲದ ಜನ ಜಾನುವಾರು ಒಳಗೆ ಹೋಗದಂತೆ ತಡೆಯಬೇಕು, ತೊಳೆದುಕೊಳ್ಳುವ, ಪ್ರಥಮ ಚಿಕಿತ್ಸೆಯ ಏರ್ಪಾಡು ಮಾಡಬೇಕು. ಓದಿದರೆ ಒಳ್ಳೆಯ ನಿಯಮವೇ. ಪಂಜಾಬಿನ ಸಮತಟ್ಟು ಹೊಲಕ್ಕೆ ಹೊಂದೀತೋ ಏನೋ. ಎಣ್ಮಕಜೆಯಲ್ಲಿ ಬಾವಿಗೆ ಮುಚ್ಚಳ ಹಾಕಬಹುದು, ತೋಡಿಗೆ ಯಾವ ಮುಚ್ಚಳ ಹಾಕುವುದು? ಗುಡ್ಡದೊಳಗೆ ಇಂಗಿ ಆರು ತಿಂಗಳ ಮೇಲೆ ಸುರಂಗದಲ್ಲಿ ಜಿನುಗುವ ನೀರಿಗೆ 24 ಗಂಟೆಯ ನೋಟಿಸು ಯಾವ ಲೆಕ್ಕ?

ಗಡಿಯ ಈಚೆಗೂ ಇದೇ ನಡೆಯಿತು. ಕರ್ನಾಟಕದ ಗೇರು ಅಭಿವೃದ್ಧಿ ನಿಗಮ ದಕ್ಷಿಣ ಕನ್ನಡದ ತನ್ನ ತೋಟಗಳಿಗೆ ಹೆಲಿಕಾಪ್ಟರಿನಿಂದಲೇ ಎಂಡೋಸಲ್ಫಾನ್ ಹಾಕಿಸಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಪಡ್ರೆಯ ಕತೆಯೇ ಮರುಕಳಿಸಿತು. ಕೊಕ್ಕಡದ ಶ್ರೀಧರ ಗೌಡರು, ತಾವೇ ದೃಷ್ಟಿ ಕಳೆದುಕೊಂಡವರು, ಹೋರಾಟ ಸಮಿತಿ ಕಟ್ಟಿ ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದರು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ನಿಷೇಧಿಸಿತು. ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರ ಬಂತು, ಮಾಸಾಶನ ಬಂತು. ಹಾಸುಗೆಯಿಂದ ಏಳಲಾಗದ, ದೇಹ ಮಾತ್ರ ಬೆಳೆದ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಿಗೆ ತನಗೆ ಅರವತ್ತಾದ ಮೇಲೆ ಯಾರು ಎತ್ತುತ್ತಾರೆ ಎಂಬ ಚಿಂತೆ. ಮಾಸಾಶನದಿಂದ ಆ ಚಿಂತೆ ತೀರುವುದಿಲ್ಲ. ಹಗಲು ಮಾತ್ರವಲ್ಲ, ರಾತ್ರಿಯೂ ನೋಡಿಕೊಳ್ಳುವ ಶಾಶ್ವತ ಆಸರೆ ಬೇಕೆಂದು ಆ ಕುಟುಂಬಗಳು ಕೇಳುತ್ತಿರುವುದು ಅದಕ್ಕೇ.

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಜಗತ್ತಿನಿಂದ ಹಂತಹಂತವಾಗಿ ತೆಗೆಯಲು ಒಪ್ಪಿದವು. ಜಗತ್ತಿನಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ದೇಶ ನಮ್ಮದು, ಕೇಂದ್ರ ಸರ್ಕಾರದ ಕಾರ್ಖಾನೆಯೂ ಅದರಲ್ಲಿತ್ತು. ಭಾರತ ಕೊನೆಯವರೆಗೂ ತಕರಾರು ಮಾಡಿ, ಕೆಲವು ವಿನಾಯಿತಿ ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. 2017ರ ಜನವರಿ 10ರಂದು ಅದೇ ನ್ಯಾಯಾಲಯ ಪೀಡಿತರೆಲ್ಲರಿಗೂ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಲು ಕೇರಳಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆ ಅರ್ಜಿ ವಿಚಾರಣೆಗೆ ಬಂದಾಗ, 3,704 ಪೀಡಿತರಲ್ಲಿ ಹಣ ತಲುಪಿದ್ದು ಎಂಟು ಮಂದಿಗೆ. ನ್ಯಾಯಾಲಯಕ್ಕೆ ಬಂದಿದ್ದವರೇ ಆ ಎಂಟು ಮಂದಿ. ಆ 3,704 ಜನರಲ್ಲಿ 102 ಮಂದಿ ಹಾಸುಗೆ ಹಿಡಿದವರು, 119 ಮಂದಿ ಕ್ಯಾನ್ಸರ್ ರೋಗಿಗಳು. ಕೋರ್ಟು ಗದರಿಸಿದ ಮೇಲೆ ಹಣ ಹಂಚಿಕೆ ಚುರುಕಾಯಿತು. ಅಷ್ಟರಲ್ಲಿ ಕಾಯುತ್ತ ಕಾಯುತ್ತ ತೀರಿಕೊಂಡವರು ಇದ್ದರು.

ವಿಷವೂ ವರ್ಷಗಟ್ಟಲೆ ಅಲ್ಲೇ ಉಳಿಯಿತು. ನಿಷೇಧದ ಮೇಲೆ ಉಳಿದ ಸಾವಿರ ಲೀಟರಿಗೂ ಮೀರಿದ ಎಂಡೋಸಲ್ಫಾನ್ ನಿಗಮದ ಗೋದಾಮುಗಳಲ್ಲಿ, ತುಕ್ಕು ಹಿಡಿದು ಸೋರುವ ಡ್ರಮ್ಮುಗಳಲ್ಲಿತ್ತು. 2012ರಲ್ಲಿ ಅದನ್ನು ಹೊಸ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ವರ್ಗಾಯಿಸಿದರು. ಬೆಳ್ಳೂರಿನ ಕಡೆ, ಕರ್ನಾಟಕದ ಗಡಿಗೆ ತಾಗಿದ ಮಿಂಚಿನಪದವು ಗುಡ್ಡದಲ್ಲಿ ಒಂದು ಪಾಳು ಬಾವಿಗೆ ಎಂಡೋಸಲ್ಫಾನ್ ಸುರಿದು ಹೂತಿದ್ದಾರೆ ಎಂಬ ದೂರು ಇದೆ. ಉಡುಪಿಯ ಮಾನವ ಹಕ್ಕುಗಳ ಹೋರಾಟಗಾರ ಡಾ. ರವೀಂದ್ರನಾಥ ಶಾನುಭಾಗರು ಅದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದರು. ದಕ್ಷಿಣ ವಲಯದ ಪೀಠ ಕೂರುವುದು ಇಲ್ಲೇ, ಚೆಪಾಕಿನ ಕಲಸ್ ಮಹಲಿನಲ್ಲಿ, ಮೈಲಾಪೂರ್‌ನಿಂದ ಬಸ್ಸಿನಲ್ಲಿ ಕೆಲವೇ ನಿಮಿಷದ ದಾರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ 2023ರ ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ಮಣ್ಣು, ನೀರಿನ ಮಾದರಿ ತೆಗೆಯಿತು. ಗುಡ್ಡದ ನೆತ್ತಿಯ ಬಾವಿಯೆಂದರೆ ಕೆಳಗಿನ ಅಷ್ಟೂ ಸುರಂಗಗಳ ತಲೆಯ ಮೇಲಿನ ಬಾವಿ. ಗುಡ್ಡದ ಈಚೆ ಇಳಿಜಾರು ಕರ್ನಾಟಕಕ್ಕೆ ಸೇರಿದ್ದು. ಅದಕ್ಕಾಗಿ ಎರಡೂ ಸರ್ಕಾರಗಳು ಒಟ್ಟಿಗೆ ನೀರು ಪರೀಕ್ಷೆ ಮಾಡಿಸಬೇಕು, ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯತಿಯ ಗೋಡೆಗೆ ಹಚ್ಚಬೇಕು.

ಆಕಾಶದಿಂದ ಮದ್ದು ಬಿಡುವ ಕಾಲ ಮುಗಿಯಲಿಲ್ಲ, ಈಗ ಹೊಸದಾಗಿ ಶುರುವಾಗಿದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಮೂಲಕ ಕೀಟನಾಶಕ ಸಿಂಪಡಿಸಲು ಮಾರ್ಗಸೂಚಿ ತಂದಿತು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಳ್ಳಲಾಯಿತು. ಚೆನ್ನೈಯೇ ಈ ಡ್ರೋನ್‌ಗಳ ಒಂದು ದೊಡ್ಡ ಕೇಂದ್ರ. ಇಲ್ಲಿನ ನಗರಪಾಲಿಕೆ ಕಾಲುವೆಗಳಲ್ಲಿ ಸೊಳ್ಳೆ ಮರಿ ಕೊಲ್ಲಲೂ ಡ್ರೋನ್ ಹಾರಿಸಿದೆ. ಡ್ರೋನ್ ಹೆಲಿಕಾಪ್ಟರಿನಷ್ಟು ಎತ್ತರ ಹಾರುವುದಿಲ್ಲ, ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷದ ನಡುವೆ ನಡೆಯುವ ಕೂಲಿಯ ಮೈ ಉಳಿಸುತ್ತದೆ. ಇದನ್ನು ನಾನು ಸಣ್ಣದೆಂದು ಹೇಳುವುದಿಲ್ಲ. ಆದರೆ ಡ್ರೋನ್ ಹೊರುವ ಟ್ಯಾಂಕು ಚಿಕ್ಕದು, ಹಾಗಾಗಿ ಅದರಲ್ಲಿ ನೀರು ಕಡಿಮೆ, ಮದ್ದು ಗಾಢ, ಹನಿ ಸಣ್ಣ. ಮೇಲೆ ಹಾಕಿದ 20 ಮೈಕ್ರಾನಿನ ಲೆಕ್ಕ ಡ್ರೋನನ್ನೂ ಬಿಡುವುದಿಲ್ಲ. ಮಲೆನಾಡಿನ, ಕರಾವಳಿಯ ಇಳಿಜಾರು ತೋಟಗಳಿಗೆ ಅದನ್ನು ತರುವ ಮುಂಚೆ ಗ್ರಾಮಸಭೆಯಲ್ಲಿ ಯಾವ ಮದ್ದು, ಎಷ್ಟು, ಯಾವ ದಿನ ಎಂದು ಹೇಳಬೇಕು. ಕೆಳಗಿನ ಬಾವಿ, ಸುರಂಗ, ತೋಡುಗಳ ನೀರನ್ನು ಸಿಂಪಡಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಸಿಂಪಡಿಸುವವರ ಖರ್ಚಿನಲ್ಲಿ, ಅವರ ಹಿಡಿತವಿಲ್ಲದ ಪ್ರಯೋಗಾಲಯದಲ್ಲಿ ನೋಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಊರಿನ ಆರೋಗ್ಯದ ಲೆಕ್ಕ ಮೊದಲ ಹಾರಾಟದ ಮುಂಚೆಯೇ ಬರೆದಿರಬೇಕು. ಡ್ರೋನಿನ ಬೆಲೆಯ ಮುಂದೆ ಇದರ ಖರ್ಚು ಏನೇನೂ ಅಲ್ಲ.

ಕಾಸರಗೋಡಿನಲ್ಲಿ ಲೆಕ್ಕದ ತಕರಾರು ಪರಿಹಾರದ ಆದೇಶದೊಂದಿಗೆ ಮುಗಿಯಲಿಲ್ಲ. 2017ರ ವೈದ್ಯಕೀಯ ಶಿಬಿರದ ಮೇಲೆ ಪಟ್ಟಿಯಿಂದ ಹೊರಗುಳಿದ 1,031 ಮಂದಿಯನ್ನು ಸೇರಿಸಿಕೊಳ್ಳಿ ಎಂದು ತಾಯಂದಿರು 2024ರಲ್ಲಿ ಕಾಞಂಗಾಡಿನಲ್ಲಿ ಧರಣಿ ಕೂತಿದ್ದರು. 2011ರ ಅಕ್ಟೋಬರಿನ ನಂತರ ಹುಟ್ಟಿದ ಮಕ್ಕಳನ್ನು ಪೀಡಿತರೆಂದು ಪರಿಗಣಿಸುವುದಿಲ್ಲ ಎಂಬ ನಿಲುವನ್ನು ಸರ್ಕಾರ ತಳೆದಿತ್ತು. ಆ ಊರುಗಳ ಹೆಣ್ಣುಮಕ್ಕಳಲ್ಲಿ ಹೆಲಿಕಾಪ್ಟರ್ ಕಂಡು ಅಂಗಳಕ್ಕೆ ಓಡಿ ಬರುತ್ತಿದ್ದ ಪ್ರಾಯದವರು ಈಗ ತಾಯಂದಿರು. ಅವರ ಮಕ್ಕಳ ರಕ್ತವನ್ನು ಒಮ್ಮೆಯಾದರೂ ಪರೀಕ್ಷಿಸದೆ, ಕ್ಯಾಲೆಂಡರಿನ ಒಂದು ದಿನಾಂಕ ನೋಡಿ ಪಟ್ಟಿ ಮುಚ್ಚುವುದನ್ನು ಆ ತಾಯಂದಿರು ಒಪ್ಪಲಿಲ್ಲ.